ಶಾಲುಬಾಯಿಯ ನಾಲ್ಕು ಹೇಂಟೆಗಳು

ಆ ದಿನ ಬೆಳಗ್ಗೆ ಸಂತಪುರದ ಮೇಲೆ ಮಂಜು ಎಷ್ಟು ದಟ್ಟವಾಗಿ ಕುಳಿತಿತ್ತೆಂದರೆ, ಅಂಗಳದ ಎಮ್ಮೆ ಕಾಣದೆ ಅದರ ಕೊರಳ ಗಂಟೆ ಮಾತ್ರ ಕೇಳುತ್ತಿತ್ತು. ಆ ಮಂಜಿನೊಳಗಿಂದ ಪಕ್ಕದ ಮನೆಯ ರಹೀಮುನ್ನಿಸಾ ಖಾಲಿ ಬುಟ್ಟಿ ಹಿಡಿದು ಬಂದಾಗ ಶಾಲುಬಾಯಿ ಕೋಳಿಗೂಡಿನ ಬಾಗಿಲು ಸರಕ್ಕನೆ ಮುಚ್ಚಿದಳು.

ಪೊಲೀಸ್ ಆಕ್ಷನ್ ಆಗಿ ಊರಲ್ಲಿ ಗಲಭೆ ಎದ್ದ ವಾರ ರಹೀಮುನ್ನಿಸಾ ಜೀವ ಕೈಯಲ್ಲಿ ಹಿಡಿದು ಬೀದರದ ಚಿದ್ರಿಗೆ, ತಂಗಿಯ ಮನೆಗೆ ಹೋಗಿದ್ದಳು. ಹೋಗುವಾಗ ತನ್ನ ಕೋಳಿಯನ್ನು ಶಾಲುಬಾಯಿಗೆ ಪಾಲಿಗೆ ಬಿಟ್ಟಿದ್ದಳು. ಪಾಲೆಂದರೆ ಹಿರಿಯರು ಹಾಕಿಕೊಟ್ಟ ಪದ್ಧತಿ: ತಾಯಿಕೋಳಿ ಒಡತಿಯದು, ಮರಿಗಳಲ್ಲಿ ಅರ್ಧ ಸಾಕಿದವಳದು, ಹೇಂಟೆಯಲ್ಲೂ ಅರ್ಧ, ಹುಂಜದಲ್ಲೂ ಅರ್ಧ. ದೇವರ ದಯದಿಂದ ಎಂಟು ಮರಿ ಉಳಿದಿದ್ದವು. ಊರು ತಣ್ಣಗಾದ ಮೇಲೆ ಒಡತಿಯೂ ಮರಳಿ ಬಂದಿದ್ದಳು.

ಶಾಲುಬಾಯಿಗೆ ಮಾತ್ರ ಹೇಂಟೆಗಳೆಲ್ಲ ತನಗೇ ಬೇಕಾಗಿದ್ದವು. ವೈಶಾಖಕ್ಕೆ ಮಗಳು ಚೊಚ್ಚಲ ಹೆರಿಗೆಗೆ ಬರುವವಳು. ಬಾಣಂತಿಗೆ ಮೊಟ್ಟೆ ಬೇಡವೇ? ಎರಡೇ ಹೇಂಟೆಯಾದರೆ ಇಟ್ಟದ್ದೆಲ್ಲ ಗಂಡ ನರಸಿಂಗನ ಹೊಟ್ಟೆಗೇ ಸಾಲದು.

ಮರಿಯ ಗಂಡು ಹೆಣ್ಣು ಹೇಳುವುದರಲ್ಲಿ ಅವಳದು ಔರಾದ ತಾಲ್ಲೂಕಿಗೇ ಹೆಸರಾದ ಕಣ್ಣು. ಹಾಗೆಂದು ಅವಳೇ ಹೇಳುತ್ತಿದ್ದಳು. ಎರಡು ತಿಂಗಳ ಮರಿಗೆ ಜುಟ್ಟು ಎದ್ದಿದ್ದರೆ ಹುಂಜ, ನೆತ್ತಿ ಚಪ್ಪಟೆಯಿದ್ದರೆ ಹೇಂಟೆ. ನಾಲ್ಕಕ್ಕೆ ಎದ್ದಿತ್ತು, ನಾಲ್ಕಕ್ಕೆ ಚಪ್ಪಟೆ. ತಾಯಿಕೋಳಿಯನ್ನೂ ಜುಟ್ಟು ಎದ್ದ ನಾಲ್ಕನ್ನೂ ಹಿಡಿದು ರಹೀಮುನ್ನಿಸಾಳ ಬುಟ್ಟಿಗೆ ಹಾಕಿದಳು.

“ಇವೆರಡು ಹ್ಯಾಂಟಿ, ಇವೆರಡು ಹುಂಜ. ನಿನ್ನ ಪಾಲು ನೋಡವ್ವಾ.”

“ನಂಗೇನ್ ತಿಳೀತದ್ರಿ ಶಾಲಕ್ಕಾ. ನಿಮ್ಮ ಜಬಾನ್ ಮ್ಯಾಲ ಭರೋಸ ಅದ.”

ಆ ಸಂಜೆ ಶಾಲುಬಾಯಿ ದೇವರಿಗೆ ದೀಪ ಹಚ್ಚಿದಳು. ಮುಖ ಎತ್ತಿ ಮಾತ್ರ ನೋಡಲಿಲ್ಲ.

ಅಂದಿನಿಂದ ಚಪ್ಪಟೆ ನೆತ್ತಿಯ ನಾಲ್ಕಕ್ಕೂ ರಾಜೋಪಚಾರ. ಮಜ್ಜಿಗೆಯಲ್ಲಿ ನೆನೆಸಿದ ಜೋಳವೇನು, ಮೊಟ್ಟೆಯಿಡಲು ಹುಲ್ಲು ಹಾಸಿದ ಬುಟ್ಟಿಗಳೇನು!

“ನನಗೂ ಹಿಂಗ ಉಪಚಾರ ಮಾಡಿದ್ರ ನಾನೂ ತತ್ತಿ ಇಡ್ತಿದ್ದೆ,” ಎಂದ ನರಸಿಂಗ.

“ನೀವು ಬರೇ ಕೂಗೋರು. ಸುಮ್ಕ ಕೂಡ್ರಿ.”

ಶಿವರಾತ್ರಿಯ ಬೆಳಗಿನ ಜಾವ ಹುಲ್ಲಿನ ಬುಟ್ಟಿಯೊಂದರಿಂದ ಗಂಟಲು ಹರಿದ ದನಿಯಲ್ಲಿ “ಕೊಕ್ಕೋ…” ಎಂದಿತು. ಶಾಲುಬಾಯಿ ಎದ್ದು ಕೂತಳು. ಎರಡನೆಯ ಬುಟ್ಟಿ ಓಗೊಟ್ಟಿತು. ಆಮೇಲೆ ಮೂರನೆಯದು, ನಾಲ್ಕನೆಯದು.

ನರಸಿಂಗ ಹೊಟ್ಟೆ ಹಿಡಿದುಕೊಂಡು ನಕ್ಕ. “ಪಟೇಲನ ಅಸಿಲ್ ಹುಂಜ, ಕಾದಾಟದ್ದು, ಆ ಗದ್ದಲದಾಗ ಹಗ್ಗ ಹರ್ಕೊಂಡು ನಮ್ಮ ಅಂಗಳದಾಗ ಠಿಕಾಣಿ ಹಾಕಿತ್ತಲ್ಲ! ಈ ನಾಲ್ಕೂ ಅದರ ಮರಿ. ಆ ಜಾತಿ ಹುಂಜಕ್ಕೂ ಜುಟ್ಟು ನೆತ್ತಿಗೇ ಅಂಟಿರ್ತದ. ಉಳಿದ ನಾಲ್ಕು ಊರ ಹುಂಜದ ಮರಿ, ಹ್ಯಾಂಟಿ. ಇವುಗಳ ಬಾಜೂಕ ನಿಂತು ಅವುಗಳ ಚೂರು ಜುಟ್ಟೂ ನಿನಗ ಕಿರೀಟದಂಗ ಕಂಡದ. ಅಪ್ಪನ ಜಾತಿ ಕೇಳದೇ ಮಕ್ಕಳ ನೆತ್ತಿ ನೋಡಿದ್ಯಲ್ಲ!”

ಅಂದರೆ ಹೇಂಟೆಗಳೆಲ್ಲ ರಹೀಮುನ್ನಿಸಾಳ ಬುಟ್ಟಿಯಲ್ಲಿ ಹೋಗಿದ್ದವು. ಕೇಳಹೋದರೆ ಕಳ್ಳತನ ಒಪ್ಪಿಕೊಳ್ಳಬೇಕು. ಸುಮ್ಮನಿದ್ದರೆ ಬಾಣಂತಿಗೆ ಬರೀ ಕೂಗೇ ಗತಿ. ಮೂರು ದಿನ ಅವಳು ರಹೀಮುನ್ನಿಸಾಳ ಕಣ್ಣಿಗೆ ಬೀಳದಂತೆ ಹಿತ್ತಲಿನಿಂದಲೇ ನೀರಿಗೆ ಹೋದಳು. ಹುಂಜಗಳು ಮಾತ್ರ ಹಸನಾಗಿ ಕೂಗಿದವು.

ನಾಲ್ಕನೆಯ ದಿನ ರಹೀಮುನ್ನಿಸಾ ತಾನೇ ಬುಟ್ಟಿ ಹೊತ್ತು ಬಂದಳು.

“ಶಾಲಕ್ಕಾ, ನಾಲ್ಕೂ ಹ್ಯಾಂಟಿನೇ ಆಗ್ಯಾವ್ರಿ. ನನ್ನ ಪಾಲು ಎರಡೇ. ನಿಮ್ಮವೆರಡು ತಗೋರಿ. ಅಂಥಾ ಕಣ್ಣು ಹ್ಯಾಂಗ ತಪ್ಪಿತ್ರಿ?”

ನರಸಿಂಗ ಬಾಯಿ ತೆರೆದ. ಅವನಿಗಿಂತ ಮೊದಲು ಶಾಲುಬಾಯಿಯೇ ಹೇಳಿದಳು:

“ಕಣ್ಣು ಆಮ್ಯಾಲ ತಪ್ಪಿತವ್ವಾ, ಮೊದಲು ಬುದ್ಧಿ ತಪ್ಪಿತ್ತು. ನಾಲ್ಕೂ ಹುಂಜ ಅಂತ ತಿಳಿದೇ ನಿನಗ ಕೊಟ್ಟಿದ್ದೆ.”

ರಹೀಮುನ್ನಿಸಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಗು ತಡೆಯಲಾರದೆ ಭುಜ ಕುಲುಕಾಡಿತು.

ಶಾಲುಬಾಯಿ ಅಂಗಳಕ್ಕಿಳಿದು, ಇದ್ದುದರಲ್ಲಿ ದಷ್ಟಪುಷ್ಟವಾದ ಎರಡು ಹುಂಜಗಳನ್ನು ಹಿಡಿದು, ಕಾಲಿಗೆ ಸಡಿಲವಾಗಿ ದಾರ ಕಟ್ಟಿ, ಅವಳ ಬುಟ್ಟಿಯಿಂದ ಎರಡು ಹೇಂಟೆ ಇಳಿಸಿಕೊಂಡು ಅವುಗಳ ಜಾಗಕ್ಕೆ ಇಟ್ಟಳು.