ಬಿಸಿಲು ಮಿಲ್ಪಿಟಾಸಿನಲ್ಲಿತ್ತು

ಶರಣ್ಯಾ ಹೇಳಿದ್ದೇನೂ ಸುಳ್ಳಾಗಿರಲಿಲ್ಲ. "ನಾಳೆ ಚಲೋ ಬಿಸಲು ಐತಜ್ಜಿ, ಮೋಡದ ಸುದ್ದೀನಽ ಇಲ್ಲ" ಎಂದು ಗುರುವಾರ ಸಂಜೆ ಫೋನು ನೋಡಿ ಹೇಳಿದ್ದಳು. ಮರುದಿನ ಬಿಸಿಲು ಬಂತು ಕೂಡ. ಅವರಿದ್ದ ಊರಿಗೆ ಬರಲಿಲ್ಲ, ಅಷ್ಟೇ.

ಅವರಿದ್ದದ್ದು ಸ್ಯಾನ್ ಫ್ರಾನ್ಸಿಸ್ಕೋದ ಪಡುವಣ ಅಂಚಿನಲ್ಲಿ, ಸಮುದ್ರದ ಸದ್ದು ಕೇಳುವಷ್ಟು ಹತ್ತಿರದ ಒಂದು ಅಪಾರ್ಟ್‌ಮೆಂಟಿನಲ್ಲಿ. ಆ ಬಡಾವಣೆಗೆ ಸನ್‌ಸೆಟ್ ಎಂದು ಹೆಸರು. ಆಗಸ್ಟ್ ತಿಂಗಳಲ್ಲಿ ಅಲ್ಲಿ ಸೂರ್ಯ ಹುಟ್ಟಿದ್ದೂ ಗೊತ್ತಾಗುವುದಿಲ್ಲ, ಮುಳುಗಿದ್ದೂ ಗೊತ್ತಾಗುವುದಿಲ್ಲ. ಕಿಟಕಿಯ ಹೊರಗೆ ಯಾರೋ ಒದ್ದೆ ಧೋತರ ಕಟ್ಟಿ ಮರೆತುಹೋದ ಹಾಗೆ ಮಂಜು ನಿಂತಿರುತ್ತದೆ.

ಅಜ್ಜಿ ಗುರುಬಸವ್ವ ಬೆಳಗ್ಗೆ ಎಲ್ಲರಿಗಿಂತ ಮೊದಲು ಎದ್ದು, ಮೊಮ್ಮಗಳ ಮಾತು ನಂಬಿ, ದೊಡ್ಡ ಪಾತ್ರೆ ತುಂಬ ಸಂಡಿಗೆ ಹಿಟ್ಟು ಕಾಸಿ ಇಳಿಸಿದ್ದಳು. ಅಕ್ಕಿಹಿಟ್ಟು, ಜೀರಿಗೆ, ಅರೆದ ಹಸಿಮೆಣಸಿನಕಾಯಿ, ಉಪ್ಪು. ಮನೆಯೆಲ್ಲ ಹುಬ್ಬಳ್ಳಿಯ ಬೇಸಿಗೆಯ ವಾಸನೆ. ಪರದೆ ಸರಿಸಿ ನೋಡಿದರೆ ಎದುರು ಮನೆಯೇ ಕಾಣುತ್ತಿರಲಿಲ್ಲ.

"ಎಲ್ಲೈತಿ ನಿನ್ನ ಬಿಸಲು?" ಎಂದಳು ಅಜ್ಜಿ.

ಶರಣ್ಯಾ ಫೋನು ತೆಗೆದಳು. ಈಗಲೂ ಅದರ ತುಂಬ ಹಳದಿ ಸೂರ್ಯ. ಅವನ ಮೇಲೆ ಸಣ್ಣ ಅಕ್ಷರದಲ್ಲಿ ಬರೆದದ್ದನ್ನು ಅವಳು ಆಗ ಓದಿದಳು: ಮಿಲ್ಪಿಟಾಸ್. ಹಿಂದಿನ ಭಾನುವಾರ ಮಾಮಾ ಎಲ್ಲರನ್ನೂ ಇಂಡಿಯನ್ ಗ್ರೋಸರಿಗೆಂದು ಅಲ್ಲಿಗೆ ಕರೆದೊಯ್ದಿದ್ದ. ಬಿಸಿಲು ಎಷ್ಟಿದೆ ನೋಡೋಣ ಎಂದು ಅಲ್ಲಿ ಫೋನಿನಲ್ಲಿ ಆ ಊರಿನ ಹೆಸರು ಒತ್ತಿದವಳು ಆಮೇಲೆ ಊರು ಬದಲಿಸಿರಲಿಲ್ಲ. ವಾರವಿಡೀ ಬೇರೆ ಊರಿನ ಹವೆಯನ್ನೇ ಓದುತ್ತಿದ್ದಳು.

"ತಪ್ಪು ಊರು ನೋಡೀನಜ್ಜಿ. ಇದು ಮಿಲ್ಪಿಟಾಸಿಂದು."

ಅಜ್ಜಿ ಬಯ್ಯಲಿಲ್ಲ. ಪಾತ್ರೆಯ ಮುಚ್ಚಳ ಮುಚ್ಚಿ, ಅದರ ಮೇಲೆ ಕೈ ಇಟ್ಟು ನಿಂತಳು. ಬೈದಿದ್ದರೆ ಚೆನ್ನಾಗಿತ್ತು ಎಂದು ಶರಣ್ಯಾಗೆ ಅನ್ನಿಸಿತು.

ಭಾನುವಾರ ತನ್ವಿಯ ಕುಬಸ. ತನ್ವಿ ಶಶಿಧರ ಮಾಮಾನ ಹೆಂಡತಿ, ಬೆಂಗಳೂರಿನವಳು, ಈಗ ಏಳು ತುಂಬಿತ್ತು. ಬಸುರಿಗೆ ತವರಿನವರು ಹಸಿರು ಸೀರೆ ಉಡಿಸಿ, ಉಡಿ ತುಂಬಿ, ಬಯಸಿದ್ದು ಬಡಿಸಬೇಕು. ಅವಳ ಅಮ್ಮನಿಗೆ ವೀಸಾ ಸಿಕ್ಕಿರಲಿಲ್ಲ. ಅತ್ತೆಯೇ ತವರಾಗಿ ನಿಲ್ಲಬೇಕಾಗಿತ್ತು. ಅದಕ್ಕೆಂದೇ ಗುರುಬಸವ್ವ ಹುಬ್ಬಳ್ಳಿಯಿಂದ ಒಂದು ಡಬ್ಬಿ ಸಂಡಿಗೆ ತಂದಿದ್ದಳು, ಜೊತೆಗೆ ಎಂ.ಎ. ಮುಗಿಸಿ ಮನೆಯಲ್ಲಿದ್ದ ಮೊಮ್ಮಗಳನ್ನೂ. ಮೊಮ್ಮಗಳು ಇಡಿಯಾಗಿ ಬಂದಿಳಿದಳು. ಸಂಡಿಗೆ ಪುಡಿಯಾಗಿತ್ತು. ಆ ಪುಡಿಯನ್ನೇ ಕರಿದು ಕೊಟ್ಟಾಗ ತನ್ವಿ ಮೊಸರನ್ನದ ಮೇಲೆ ಚಮಚದಲ್ಲಿ ಉದುರಿಸಿಕೊಂಡು ತಿಂದಳು. "ನಮ್ಮಮ್ಮ ಮಾಡೋ ಥರಾನೇ ಇದೆ" ಎಂದು ಮೂಗು ಒರೆಸಿಕೊಂಡಳು. ಅಜ್ಜಿ ಆಗಲೇ ಮಾತು ಕೊಟ್ಟುಬಿಟ್ಟಿದ್ದಳು: "ಕುಬಸದ ತಾಟಿನ್ಯಾಗ ಇಡೀ ಸಂಡಿಗಿ ಇರ್ತಾವ. ನನ್ನ ಕೈಲೆ."

ಈಗ ತನ್ವಿ ಲ್ಯಾಪ್‌ಟಾಪು ಬಿಟ್ಟು ಅಡುಗೆಮನೆಗೆ ಬಂದು ಇಬ್ಬರ ಮುಖ ನೋಡಿದಳು. "ಬಿಡಿ ಅತ್ತೆ. ಸ್ಟೋರಲ್ಲಿ ಪ್ಯಾಕೆಟ್ಟು ಸಿಗತ್ತೆ, ಶಶಿ ಬರ್ತಾ ತರ್ತಾರೆ."

"ಪಾಕೀಟಿನ ಸಂಡಿಗಿ ತಿನ್ನಿಸಾಕ ನಾ ಯಾಕ ಬರಬೇಕಿತ್ತವಾ?" ಎಂದಳು ಅಜ್ಜಿ. ಆಮೇಲೆ ಮೊಮ್ಮಗಳ ಕಡೆ ತಿರುಗಿ, "ಆ ಊರು ಎಷ್ಟು ದೂರ?"

"ರೈಲು ಹೋಗ್ತದಜ್ಜಿ."

"ಮತ್ತ ನಡಿ. ಬಿಸಲು ಇಲ್ಲಿಗೆ ಬರಂಗಿಲ್ಲ ಅಂದರ ನಾವಽ ಹೋಗೂಣು."

ಅಜ್ಜಿ ಹಿಟ್ಟನ್ನು ಕುಕ್ಕರಿಗೆ ತುಂಬಿ ಮುಚ್ಚಳ ಬಿಗಿಯತೊಡಗಿದಾಗ ತನ್ವಿ ಓಡಿ ಬಂದಳು. "ಅಯ್ಯೋ, ರೈಲಲ್ಲಿ ಕುಕ್ಕರ್ ತಗೊಂಡು ಹೋಗ್ಬೇಡಿ ಅತ್ತೆ, ಬಾಂಬು ಅಂದ್ಕೊಂಡು ಪೊಲೀಸರನ್ನ ಕರೀತಾರೆ!"

"ಕುಕ್ಕರಿಗೆ ಪೊಲೀಸರು! ಸೀಟಿ ಹೊಡೀತದಂತ ಹಿಡೀತಾರೇನು?"

ಕಡೆಗೆ ಹಿಟ್ಟು ಎರಡು ಹಿಡಿಯ ಕೆಂಪು ಪಾತ್ರೆಗೆ ಹೋಯಿತು. ಮೇಲೆ ಟವೆಲು ಬಿಗಿದರು. ಹಳೇ ಧೋತರಗಳನ್ನು ಚೀಲಕ್ಕೆ ತುರುಕಿದರು. ಅಜ್ಜಿ ಸೀರೆಯ ಮೇಲೆ ಮಗನ ಸ್ವೆಟರು, ಅದರ ಮೇಲೆ ಶಾಲು, ತಲೆಗೆ ಕುಲಾವಿ ಹಾಕಿಕೊಂಡು ಹೊರಬಿದ್ದಳು.

ಶರಣ್ಯಾಗೆ ಊರು ನೋಡುವುದು ಇಷ್ಟ, ಆದರೆ ಗಾಜಿನ ಈಚೆಯಿಂದ. ಬಂದಾಗಿನಿಂದ ಮಾಮಾನ ಕಾರಿನ ಕಿಟಕಿಯಿಂದ ಸುಮಾರು ಊರು ನೋಡಿದ್ದಳು. ಬರ್ಕ್ಲಿಯಲ್ಲಿ ನೆರಳಿಗೆ ನಿಂತರೆ ಧಾರವಾಡದ ಡಿಸೆಂಬರು, ನಾಲ್ಕು ಹೆಜ್ಜೆ ಆಚೆ ಬಿಸಿಲಿಗೆ ಬಂದರೆ ಅದೇ ಧಾರವಾಡದ ಮಾರ್ಚಿ. ಸ್ಯಾನ್ ಹೊಸೆಯಲ್ಲಿ ಬೆವರು ಹುಟ್ಟುವ ಮೊದಲೇ ಆರಿಹೋಗುತ್ತಿತ್ತು. ಇದನ್ನೆಲ್ಲ ಅವಳು ಡೈರಿಯಲ್ಲಿ ಬರೆದಿದ್ದಳು. ಯಾವ ಊರಿನಲ್ಲೂ ಯಾರ ಜೊತೆಯೂ 'ಥ್ಯಾಂಕ್ಯೂ' ಬಿಟ್ಟು ಬೇರೆ ಮಾತಾಡಿರಲಿಲ್ಲ. ಹಾಗಾಗಿ ಬರೆದದ್ದರಲ್ಲಿ ಗಾಳಿ, ಮೋಡ, ಮರ ಇದ್ದವು. ಮನುಷ್ಯರು ಇರಲಿಲ್ಲ.

ಟ್ರಾಮು ಗುಡ್ಡದ ಸುರಂಗ ದಾಟಿದ್ದೇ ತಡ, ಮಂಜು ಯಾರೋ ಕತ್ತರಿಯಲ್ಲಿ ಕತ್ತರಿಸಿದಂತೆ ನಿಂತುಹೋಯಿತು. ಆಚೆ ತೆಳ್ಳನೆಯ ಬಿಸಿಲು, ಕಿವಿ ಕಡಿಯುವ ಗಾಳಿ. ಅಜ್ಜಿ ಕುಲಾವಿ ತೆಗೆದಳು.

"ಇಲ್ಲೇ ಹಾಕೂಣೇನು?"

"ಗಾಳಿಗೆ ಧೋತರ ಹಾರಿಹೋಗ್ತದಜ್ಜಿ."

ಪೇಟೆಯ ನಡುವೆ ನೆಲದಡಿಗೆ ಇಳಿದು ಬಾರ್ಟ್ ರೈಲು ಹತ್ತಿದರು. ಕೊಲ್ಲಿಯ ನೀರಿನ ಕೆಳಗೆ ಹೋಗುವಾಗ ಯಾವ ಋತುವೂ ಇರಲಿಲ್ಲ, ಸದ್ದು ಮಾತ್ರ ಇತ್ತು. ಮೇಲೆದ್ದರೆ ಓಕ್ಲೆಂಡು. ಬಂದರಿನ ಕ್ರೇನುಗಳು ಬಿಳಿ ಕುದುರೆಗಳ ಹಾಗೆ ನಿಂತಿದ್ದವು, ಬಿಸಿಲು ಹದವಾಗಿತ್ತು. ಅಜ್ಜಿ ಶಾಲು ಮಡಚಿದಳು. ಮುಂದೆ ಎಡಗಡೆ ಬೆಟ್ಟಗಳು ಬಂದವು. ಒಂದು ಎಲೆ ಹಸಿರಿಲ್ಲ, ಮೇಲಿಂದ ಕೆಳಗೆ ಒಣಹುಲ್ಲಿನ ಹಳದಿ. ಅಜ್ಜಿ ಬಹಳ ಹೊತ್ತು ಅವನ್ನೇ ನೋಡಿದಳು. "ಇದು ನಮ್ಮ ಕಡೆ ನೆಲ ಇದ್ದಂಗೈತಿ" ಎಂದು ಸ್ವೆಟರಿನ ಗುಂಡಿ ಬಿಚ್ಚಿದಳು. ಎದುರು ಸೀಟಿನ ಹುಡುಗಿ ಕೆಂಪು ಪಾತ್ರೆಯನ್ನೂ, ನಿಲ್ದಾಣಕ್ಕೊಂದರಂತೆ ಬಟ್ಟೆ ಕಳಚುತ್ತಿದ್ದ ಮುದುಕಿಯನ್ನೂ ನೋಡಿ, ಕಿವಿಯ ಹಾಡಿಗೆ ಮರಳಿದಳು.

ಮಿಲ್ಪಿಟಾಸಿನಲ್ಲಿ ಬಾಗಿಲು ತೆರೆದಾಗ ಒಲೆಯ ಬಾಯಿ ತೆರೆದ ಹಾಗಾಯಿತು. "ಹಾಂ! ಇದು ಬಿಸಲು" ಎಂದಳು ಅಜ್ಜಿ, ಕಳೆದುಹೋದ ಸಾಮಾನು ಸಿಕ್ಕವಳಂತೆ.

ಬಿಸಿಲೇನೋ ಸಿಕ್ಕಿತು. ಸಂಡಿಗೆ ಹರವುವ ಜಾಗ ಸಿಗಲಿಲ್ಲ. ಟ್ಯಾಕ್ಸಿ ಹಿಡಿದು, ತಮಗೆ ಗೊತ್ತಿದ್ದ ಒಂದೇ ಜಾಗವಾದ ಇಂಡಿಯನ್ ಗ್ರೋಸರಿಯ ಮುಂದೆ ಇಳಿದರು. ಕಾರು ನಿಲ್ಲಿಸುವ ಅಂಗಳದ ಅಂಚಿಗೆ ಒಂದು ಪಟ್ಟಿ ಹುಲ್ಲಿತ್ತು. ಅಜ್ಜಿ ಯಾರನ್ನೂ ಕೇಳದೆ ಧೋತರ ಹಾಸಿ, ನಾಲ್ಕು ಸಂಡಿಗೆ ಇಟ್ಟೇಬಿಟ್ಟಳು. ಐದನೆಯದಕ್ಕೆ ಚಮಚ ಎತ್ತುವಾಗ ಕಾವಲಿನವನು ಬಂದ. ಒಳ್ಳೆಯ ಮನುಷ್ಯ. ನಗುತ್ತಲೇ, ಇಲ್ಲಿ ಬೇಡ ಎಂದು ಕೈಯಾಡಿಸಿದ. ಶರಣ್ಯಾಗೆ ಇಂಗ್ಲಿಷು ಬರುವುದಿಲ್ಲ ಎಂದೇನಲ್ಲ. ಬಾಯಿ ಮಾತ್ರ ತೆರೆಯಲಿಲ್ಲ.

"ಅವಗ ಹೇಳಲಾ, ಸಂಜಿಮಟ ಅಷ್ಟಽ ಅಂತ!"

"ಆಗೂದಿಲ್ಲಂತಜ್ಜಿ."

ಅಜ್ಜಿ ಧೋತರ ಮಡಚಿ ಕಟ್ಟೆಯ ಮೇಲೆ ಕುಳಿತಳು. ಟವೆಲು ಬಿಚ್ಚಿ ಹಿಟ್ಟನ್ನು ಮೂಸಿದಳು. "ಇನ್ನೊಂದು ತಾಸು ತಡೀತದ. ಆಮ್ಯಾಲ ಹುಳಿ ಬರ್ತದ" ಎಂದಳು.

ಆಗ ಅಂಗಡಿಯಿಂದ ಒಬ್ಬಾಕೆ ಹೊರಬಂದಳು. ನೂಲಿನ ಸೀರೆ, ಕಾಲಿಗೆ ಓಡುವವರ ಬೂಟು, ಕೈಯಲ್ಲಿ ಕೊತ್ತಂಬರಿ, ಕಿವಿಗೆ ಫೋನು. "ಲೋ, ಹಸುಗೆ ಹುಲ್ಲಾಕಿದ್ಯೇನ್ಲಾ? ಅಷ್ಟೊತ್ಗೆ ಮಲಗ್ಬಿಡು ಅಂದೋರ್ಯಾರು ನಿಂಗೆ!" ಎಂದು ಮಂಡ್ಯದ ಕಡೆಯ ಯಾವನನ್ನೋ ನಿದ್ದೆಯಿಂದ ಎಬ್ಬಿಸಿ ಬಯ್ಯುತ್ತಿದ್ದಳು. ಬೈದು ಮುಗಿಸಿ, ಫೋನು ಸೊಂಟಕ್ಕೆ ಸಿಕ್ಕಿಸಿ, ಬಿರಬಿರನೆ ನಡೆದುಹೋಗುತ್ತಿದ್ದಳು.

ಶರಣ್ಯಾ ಅಜ್ಜಿಯನ್ನು ನೋಡಿದಳು. ಅಜ್ಜಿ ಪಾತ್ರೆ ನೋಡುತ್ತಿದ್ದಳು. ಆ ಹೆಂಗಸು ಇನ್ನೆರಡು ಕಾರು ದಾಟಿದರೆ ರಸ್ತೆಗೆ ಇಳಿಯುತ್ತಿದ್ದಳು. ಶರಣ್ಯಾ ಓಡಿದಳು. ಮುಂದೆ ಹೋಗಿ ನಿಂತಳು. ನಮಸ್ಕಾರ ಎನ್ನಬೇಕಿತ್ತು, ಯಾವ ಊರು ಎಂದು ಕೇಳಬೇಕಿತ್ತು. ಬಾಯಿಗೆ ಬಂದದ್ದು ಒಂದೇ:

"ನಿಮ್ಮ ಮನಿಯಾಗ ಬಿಸಲು ಬರ್ತದೇನ್ರೀ?"

ಆಕೆ ಹುಡುಗಿಯನ್ನು ಕೆಳಗಿಂದ ಮೇಲೆ ನೋಡಿದಳು. "ಬತ್ತದೆ, ಯಾಕವ್ವ?"

"ಸಂಡಿಗಿ..." ಎಂದು ಶರಣ್ಯಾ ಕಟ್ಟೆಯ ಕಡೆ ಕೈ ತೋರಿಸಿದಳು.

ಆಕೆಯ ಹೆಸರು ಹುಚ್ಚಮ್ಮ. ಮಗ ಯೋಗಾನಂದನ ಮನೆಗೆ ಬಂದು ಇಡೀ ಬೇಸಿಗೆ ಕಳೆದಿತ್ತು. ಕಟ್ಟೆಯ ಬಳಿ ಬಂದವಳೇ ಟವೆಲು ಎತ್ತಿ, ಹಿಟ್ಟಿಗೆ ಬೆರಳು ಅದ್ದಿ ನೆಕ್ಕಿ ನೋಡಿದಳು. "ಖಾರ ಜಾಸ್ತಿ ಆಯ್ತು ಕಣಕ್ಕ."

"ನಿಮ್ಮ ಕಡೆಯವರಿಗೆ ಹಂಗಽ ಅನ್ನಸ್ತದ" ಎಂದಳು ಗುರುಬಸವ್ವ.

ಅಷ್ಟರಲ್ಲಿ ಪಾತ್ರೆಯ ಒಂದು ಹಿಡಿ ಹುಚ್ಚಮ್ಮನ ಕೈಯಲ್ಲಿತ್ತು.

ಮನೆ ಎರಡು ತಿರುವಿನಾಚೆ, ಒಂದಕ್ಕೊಂದು ಅಂಟಿದ ಟೌನ್‌ಹೌಸುಗಳ ಸಾಲಿನಲ್ಲಿ. ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುವ ಹಾಗಿಲ್ಲ ಎಂದು ಅಲ್ಲಿನವರ ನಿಯಮ. ಹಿತ್ತಲು ಹಾಸಿಗೆಯಷ್ಟಗಲ. ಅದು ಅರ್ಧ ಹಿಟ್ಟಿಗೆ ಆಯಿತು. ಉಳಿದ ಹಿಟ್ಟು ಹಿಡಿದು ಮೂವರೂ ನಿಂತಿದ್ದಾಗ ಹುಚ್ಚಮ್ಮನ ಕಣ್ಣು ಮನೆಯ ಮುಂದಿದ್ದ ಮಗನ ಕಾರಿನ ಮೇಲೆ ಬಿತ್ತು. ಮುಟ್ಟಿ ನೋಡಿದಳು. ಕಾದ ಹೆಂಚು.

"ಕಾರಿಗೇನೂ ನಿಯಮ ಇಲ್ಲ" ಎಂದಳು.

ಯೋಗಾನಂದ ಮೀಟಿಂಗು ಮುಗಿಸಿ ಹೊರಬಂದಾಗ ಅವನ ಕಾರಿನ ತಲೆಯಿಂದ ಮೂತಿಯವರೆಗೆ ಬಿಳಿ ಧೋತರ, ಧೋತರದ ಮೇಲೆ ಸಾಲುಸಾಲು ಸಂಡಿಗೆ.

"ಅಮ್ಮಾ! ಏನಿದು? ಪಾಪೂನ ಡೇಕೇರಿಂದ ಕರ್ಕೊಂಡು ಬರ್ಬೇಕು ನಾನು!"

"ಸೈಕಲ್ ತಕ್ಕೊಂಡೋಗು. ದುಡ್ಡು ಕೊಟ್ಟು ತಂದ್ಯಲ್ಲ, ಗೋಡೆಗೆ ಒರಗಿಸಿ ಪೂಜೆ ಮಾಡಕ್ಕಾ?"

ಅವನು ಶರಣ್ಯಾಳನ್ನು ನೋಡಿದ. ಅವಳು ನೆಲ ನೋಡಿದಳು. ಅವನು ಸೈಕಲ್ಲಿನ ಗಾಳಿ ಒತ್ತಿ ನೋಡಿದ.

ಸಂಜೆ ಶಶಿಧರ ಆಫೀಸಿನಿಂದ ನೇರ ಅಲ್ಲಿಗೆ ಬಂದಾಗ ಸಂಡಿಗೆಯ ಮೇಲ್ಮೈ ಬಿಗಿದಿತ್ತು, ಹೊಟ್ಟೆ ಇನ್ನೂ ಹಸಿ. ಅಜ್ಜಿ ಒಂದನ್ನು ಒತ್ತಿ ನೋಡಿ ತಲೆಯಾಡಿಸಿದಳು. "ಇದನ್ನ ಆ ಮಂಜಿನ್ಯಾಗ ಒಯ್ದರ ನಾಳೆ ಬೂಸರ ಹಿಡೀತದ. ಇನ್ನೊಂದು ಬಿಸಲು ಬೇಕು. ನಾಳೆ ತಿರುವಿ ಹಾಕಬೇಕು, ಅಳಿಲು ಕಾಯಬೇಕು." ನಾಳೆಯೇ ಹೋಳಿಗೆಯ ಹೂರಣ, ಉಡಿಯ ಸಾಮಾನು. ಅಜ್ಜಿ ಇರುವ ಹಾಗಿರಲಿಲ್ಲ. ಇಬ್ಬರು ಮುದುಕಿಯರೂ ಒಟ್ಟಿಗೆ ಶರಣ್ಯಾಳ ಕಡೆ ತಿರುಗಿದರು.

"ಪಾಪ, ಆಕಿಗೆ ಗುರ್ತಿಲ್ಲದ ಮನಿ..." ಎಂದ ಶಶಿಧರ. "ನಾನಽ ನಾಳೆ ಮುಂಜಾನೆ..."

"ನಾ ಇರ್ತೀನಿ ಮಾಮಾ" ಎಂದಳು ಶರಣ್ಯಾ. ತಾನು ಹೇಳಿದ್ದನ್ನು ಉಳಿದವರ ಜೊತೆಗೇ ಕೇಳಿಸಿಕೊಂಡಳು.

ಶನಿವಾರ ಕಾರಿನ ಮೇಲಿನ ಧೋತರವನ್ನೂ ಹಿತ್ತಲ ಬೇಲಿಗೆ ಹೊದಿಸಿ, ಇಡೀ ದಿನ ಅವಳು ಅಲ್ಲೇ ಪ್ಲಾಸ್ಟಿಕ್ ಸ್ಟೂಲಿನ ಮೇಲೆ, ಪಕ್ಕದಲ್ಲೊಂದು ಪೊರಕೆ ಇಟ್ಟುಕೊಂಡು ಕುಳಿತಳು. ಇಷ್ಟು ದಿನ ಯಾವ ಊರಿನ ಬಿಸಿಲನ್ನೂ ಅವಳು ಬೆಳಗಿನಿಂದ ಸಂಜೆಯವರೆಗೆ ನೋಡಿರಲಿಲ್ಲ. ಇಲ್ಲಿಯದು ಮೊದಲು ಬೇಲಿಯ ಮೇಲೆ ಬಂತು, ನಿಂಬೆಗಿಡಕ್ಕೆ ಇಳಿಯಿತು, ಧೋತರದ ಮೇಲೆ ಮಲಗಿತು, ಹೊತ್ತೇರಿದ ಮೇಲೆ ಅವಳ ಕಾಲ ಮೇಲೆ ಹತ್ತಿತು. ಒಂದು ನೀಲಿ ಹಕ್ಕಿ ಎರಡು ಸಂಡಿಗೆ ಕದ್ದಿತು, ಒಂದನ್ನು ಖಾರಕ್ಕೆ ಉಗುಳಿತು. ಹುಚ್ಚಮ್ಮ ಸಾಕ್ಷಿ ಸಿಕ್ಕಿತೆಂದು ಚಪ್ಪಾಳೆ ತಟ್ಟಿದಳು. ಮಧ್ಯಾಹ್ನ ಮುದ್ದೆ, ಬಸ್ಸಾರು.

"ಅಗೀಬ್ಯಾಡ ಕಣವ್ವ, ನುಂಗು. ರೊಟ್ಟಿ ಅಲ್ಲ ಅದು."

"ನುಂಗಾಕ ಬರಂಗಿಲ್ರೀ."

"ಮಾತಾಡಕ್ಕೂ ಬರಕಿಲ್ಲ ಅನ್ಕಂಡಿದ್ದೆ ನಿನ್ನೆ. ಬತ್ತದೆ, ಬತ್ತದೆ."

ಧೋತರದ ಬೆನ್ನಿಗೆ ನೀರು ಚಿಮುಕಿಸಿ ಇಬ್ಬರೂ ಒಂದೊಂದೇ ಸಂಡಿಗೆ ಬಿಡಿಸಿ ತಿರುವಿಹಾಕಿದರು. ಸಂಜೆಗೆ ಅವು ಒಂದಕ್ಕೊಂದು ತಾಗಿದರೆ ಬಳೆಯಂತೆ ಸದ್ದು ಮಾಡುತ್ತಿದ್ದವು. ಶಶಿಧರ ಕಾರು ತಂದು ನಿಲ್ಲಿಸಿದ. ಡಬ್ಬಿ ಮುಚ್ಚಿ, ಬೂಟು ಹಾಕಿಕೊಂಡು, ಬಾಗಿಲವರೆಗೆ ಹೋದ ಶರಣ್ಯಾ ಮತ್ತೆ ಒಳಗೆ ಬಂದಳು.

"ನಾಳೆ ಕುಬಸಕ್ಕ ಬರ್ರೀ. ಎಲ್ಲಾರೂ."

ಭಾನುವಾರ ಸನ್‌ಸೆಟ್ಟಿನಲ್ಲಿ ಮಂಜು ಮಹಡಿಯ ಮೆಟ್ಟಿಲವರೆಗೆ ಬಂದಿತ್ತು. ತನ್ವಿ ಹಸಿರು ಸೀರೆ ಉಟ್ಟು ಮಣೆಯ ಮೇಲೆ ಕುಳಿತಿದ್ದಳು. ಎಣ್ಣೆ ಕಾದಿತ್ತು. ಅಜ್ಜಿ ಮೊದಲ ಸಂಡಿಗೆಯನ್ನು ಬಿಟ್ಟಳು. ಅದು ತಳಕ್ಕೆ ಹೋಯಿತು, ಒಂದು ಗಳಿಗೆ ಅಲ್ಲೇ ಇತ್ತು. ಒಲೆಯ ಪಕ್ಕ ನಿಂತಿದ್ದ ಶರಣ್ಯಾ ಬಾಣಲೆಯ ಕಡೆ ಬಾಗಿದಳು. ಆಮೇಲೆ ಅದು ಮಗ್ಗುಲು ಮುರಿದು, ಬೆಳ್ಳಗೆ ಅರಳಿ, ಮೇಲೆ ತೇಲಿತು.

"ಇಡೀ ಐತಿ" ಎಂದಳು ಅಜ್ಜಿ, ಜಾಲರಿ ಸೌಟಿನಲ್ಲಿ ಎತ್ತುತ್ತ.

ತನ್ವಿ ಒಂದನ್ನು ಮುರಿಯದೆ ಕೈಯಲ್ಲಿ ತಿರುಗಿಸಿ ನೋಡಿದಳು. "ಇದರ ಮೇಲೆ ಏನಿದು, ಗೆರೆ?"

"ಕಾರಿಂದು" ಎಂದಳು ಶರಣ್ಯಾ.

ಆ ಹೊತ್ತಿಗೆ ಕರೆಗಂಟೆ ಸದ್ದಾಯಿತು. ಬಾಗಿಲಲ್ಲಿ ಯೋಗಾನಂದ, ಅವನ ಹೆಗಲ ಮೇಲೆ ಮಗು. ಮುಂದೆ ಹುಚ್ಚಮ್ಮ, ಅದೇ ನೂಲಿನ ಸೀರೆಯಲ್ಲಿ, ಎರಡೂ ಕೈ ಕಂಕುಳಲ್ಲಿ ಸಿಕ್ಕಿಸಿಕೊಂಡು ನಡುಗುತ್ತ ನಿಂತಿದ್ದಳು.

"ಇದ್ಯಾವೂರವ್ವ! ಬಿಸ್ಲು ಅಂತ ಫೋನಲ್ಲಿ ನೋಡ್ಕಂಡೇ ಹೊರಟಿದ್ದು ನಾನು!"

"ಯಾವ ಊರಿಂದು ನೋಡಿದ್ರಿ?" ಎಂದು ಕೇಳಿದಳು ಶರಣ್ಯಾ. ಉತ್ತರಕ್ಕೆ ಕಾಯದೆ ಗೂಟದಿಂದ ಅಜ್ಜಿಯ ಶಾಲು ತೆಗೆದು ಆಕೆಯ ಹೆಗಲಿಗೆ ಹೊದಿಸಿದಳು, ಎಣ್ಣೆಯಿಂದ ಆಗತಾನೆ ತೆಗೆದ ಎರಡು ಸಂಡಿಗೆ ತಂದು ಅವಳ ತಣ್ಣನೆಯ ಅಂಗೈಯಲ್ಲಿಟ್ಟಳು. ಹುಚ್ಚಮ್ಮ ತಿನ್ನಲಿಲ್ಲ. ಬಿಸಿ ಆರುವವರೆಗೆ ಅವನ್ನು ಹಾಗೇ ಹಿಡಿದುಕೊಂಡು ನಿಂತಳು.