ಮರ ಹತ್ತಿದ ಎಮ್ಮೆ

ಎಮ್ಮೆಯೊಂದು ಮರ ಹತ್ತಬೇಕೆಂದು ಹಟ ಹಿಡಿಯುವ ಚಿತ್ರಪುಸ್ತಕ. ಮೇಕೆ ಹಿಂದಿನಿಂದ ನೂಕುತ್ತದೆ, ಕೋತಿ ಮೇಲಿನಿಂದ ಕೊಂಬು ಹಿಡಿದು ಎಳೆಯುತ್ತದೆ. ಕೊನೆಯ ಪುಟದಲ್ಲಿ ಎಮ್ಮೆ ತುದಿಯಲ್ಲಿ ಕೂತು ಮೆಲುಕು ಹಾಕುತ್ತದೆ. ಇಷ್ಟು ಚೆಂದದ ಸ್ನೇಹವನ್ನು ಕಾಗದಕ್ಕಿಳಿಸಿದ ಗೆಳತಿಯರು ಆ ಬೆಳಿಗ್ಗೆ ಪ್ರೆಸ್ಸಿನಲ್ಲಿ ಹಾವು ಮುಂಗುಸಿಯಂತೆ ನಿಂತಿದ್ದರು.

ಚಿತ್ರ ಬರೆದವಳು ಪ್ರೂಫ್ ಹಿಡಿದುಕೊಂಡೇ ನುಗ್ಗಿದ್ದಳು. ಅಂಗಡಿಗಳ ಬೋರ್ಡು ಬರೆದೇ ಬೆನ್ನು ಬಗ್ಗಿದವಳು. ಬೋರ್ಡಿನ ಮೇಲೆ ಊರವರ ಹೆಸರೆಲ್ಲ ಇರುತ್ತದೆ, ಬರೆದವಳದು ಇರುವುದಿಲ್ಲ. ಒಂದು ಪುಸ್ತಕದ ಮೇಲಾದರೂ ತನ್ನ ಹೆಸರು ಕಾಣಬೇಕು ಎನ್ನುವುದೊಂದೇ ಅವಳ ಆಸೆ. ಪ್ರೂಫಿನಲ್ಲಿ ನೋಡಿದರೆ ಕಥೆ ಬರೆದ ಟೀಚರ ಹೆಸರು ಮುಂದೆ ಕುಂಬಳಕಾಯಿಯಷ್ಟು, ಇವಳದು ಹಿಂಬದಿಯಲ್ಲಿ ಸಾಸಿವೆಯಷ್ಟು.

“ನನ್ನ ಚಿತ್ರ ನೋಡ್ಕೊಂಡೇ ಅಲ್ವೇನೇ ನೀನು ಕಥೆ ಕಟ್ಟಿದ್ದು? ಉಂಡ ಮನೆಗೇ ಎರಡು ಬಗೀತೀಯಾ?”

“ನಿನ್ನ ಎಮ್ಮೆಗೆ ಮಾತು ಕೊಟ್ಟವಳು ನಾನು. ಇಲ್ದಿದ್ರೆ ಅದು ಮರದ ಮೇಲೆ ಯಾಕಿದೆ ಅಂತ ದೇವರಿಗೂ ಗೊತ್ತಾಗ್ತಿರ್ಲಿಲ್ಲ,” ಎಂದಳು ಟೀಚರ್.

“ಪಾಠ ಹೇಳೋ ಬಾಯಿ! ನಾಚಿಕೆ ಇಲ್ಲ ಅದಕ್ಕೆ!”

“ಲೇ, ಒಂದು ಮಾತು ಕೇಳಿಸ್ಕೊಳ್ಳೇ...” ಎಂದು ಪ್ರೆಸ್ಸಿನ ಒಡತಿ ಮಧ್ಯೆ ಬಂದಳು. ಕೇಳುವ ಕಿವಿ ಅಲ್ಲಿರಲಿಲ್ಲ.

ಬಣ್ಣದ ಚಿತ್ರಗಳು ಆಗಲೇ ಅಚ್ಚಾಗಿದ್ದವು. ಅಕ್ಷರಗಳನ್ನೆಲ್ಲ, ರಕ್ಷಾಪುಟದ ಹೆಸರುಗಳನ್ನೂ ಸೇರಿಸಿ, ಕೊನೆಗೆ ಕಪ್ಪು ಶಾಯಿಯಲ್ಲಿ ಬೇರೆ ಪ್ಲೇಟಿನಿಂದ ಒತ್ತುವುದು ಅಲ್ಲಿನ ಪದ್ಧತಿ. ಆ ಪ್ಲೇಟು, ತೆಳ್ಳನೆಯ ತಗಡು, ಮೇಜಿನ ಮೇಲಿತ್ತು. ಚಿತ್ರ ಬರೆದವಳು ಅದನ್ನೆತ್ತಿ, ಮೊಣಕಾಲಿಗೆ ಒತ್ತಿ, ಎರಡಾಗಿ ಮಡಚಿಬಿಟ್ಟಳು. ಆಹಾ, ಎಷ್ಟು ಹಿತವಾಯಿತು ಅವಳಿಗೆ!

“ಈಗ ಓದು,” ಎಂದಳು ಟೀಚರ್. “ಕಣ್ಣು ಬಿಟ್ಟು ಓದು.”

ತಗಡಿನ ಮೇಲೆ ಎರಡು ಹೆಸರಿದ್ದವು. ಒಂದೇ ಸಾಲು, ಒಂದೇ ಗಾತ್ರ. ಚಿತ್ರ ಬರೆದವಳದೇ ಮೊದಲು. ಮಡಿಕೆ ಸರಿಯಾಗಿ ಅದರ ಮೇಲೇ ಬಿದ್ದಿತ್ತು.

“ಪ್ರೂಫ್ ಹಳೇದು ಕಣೇ,” ಎಂದಳು ಒಡತಿ. “ತಪ್ಪಾಗಿದೆ ಅಂತ ಇವಳೇ ನಿನ್ನೆ ಬಂದು ಬದಲಾಯಿಸಿದ್ಲು. ನಿಂಗೆ ಹೇಳೋಣ ಅಂದ್ರೆ ಬಿಟ್ಯಾ?”

“ಮತ್ತೆ, ನಾನು ಬಂದ ತಕ್ಷಣ ಯಾಕೆ ಹೇಳ್ಲಿಲ್ಲ ನೀನು?” ಟೀಚರ ಕಡೆ ತಿರುಗಿದ ಚಿತ್ರ ಬರೆದವಳ ದನಿ ಇಳಿದಿತ್ತು.

“ನನ್ನನ್ನ ನೀನು ಎಷ್ಟು ಕೀಳು ಅಂದ್ಕೊಂಡಿದ್ದೀಯ ಅಂತ ಪೂರ್ತಿ ಕೇಳ್ಬೇಕಿತ್ತು. ಕೇಳಿದೆ.” ಟೀಚರ್ ಚೀಲ ಹೆಗಲಿಗೇರಿಸಿದಳು. “ನನ್ನ ಒಂದಕ್ಷರ ಇದ್ರಲ್ಲಿ ಬಂದ್ರೆ ನೋಡು.”

ಅವಳು ಹೋದಳು. ಮೂಗು ಕೊಯ್ದುಕೊಂಡು ಅಪಶಕುನ ಮಾಡಿದಂತಾಗಿತ್ತು ಉಳಿದವಳ ಪಾಡು. ಕ್ಷಮಿಸು ಎನ್ನುವ ಮಾತು ಗಂಟಲಿಗೆ ಬಂತು. ಆದರೆ ಬಾಗಿಲ ತನಕ ಹೋಗುವಷ್ಟು ಕಾಲಿನ ಸೊಕ್ಕು ಇಳಿದಿರಲಿಲ್ಲ.

“ಬೇರೆ ಪ್ಲೇಟ್ ಮಾಡ್ತೀನಿ,” ಎಂದಳು ಒಡತಿ, ಮುಖ ನೋಡದೆ. “ಮಾತಿಲ್ಲದ ಪುಸ್ತಕ. ಮೇಲೆ ಬರೀ ನಿನ್ನ ಹೆಸರು. ಅದೇ ತಾನೆ ನಿಂಗೆ ಬೇಕಾಗಿದ್ದು?”

ಚಿತ್ರ ಬರೆದವಳು ಕೊನೆಯ ಪುಟದ ಹಾಳೆಯನ್ನು ಎಳೆದು ನೋಡಿದಳು. ಎಮ್ಮೆ ಮೇಲಿತ್ತು.

“ಹತ್ತಿಸೋಕೇನೋ ಜನ ಇದ್ರು,” ಎಂದು ಒಡತಿ ಮಡಚಿದ ತಗಡನ್ನು ಗುಜರಿ ಡಬ್ಬಿಗೆ ಎಸೆದಳು. “ಇನ್ನು ಇಳಿಸೋರು ಯಾರೇ?”