ಹಿಂದಿನ ಸಂದಿಯ ಪ್ಲಗ್ಗು

ಕಬ್ಬಿನ ಟ್ರ್ಯಾಕ್ಟರುಗಳೇ ಓಡಾಡುವ ಕುಂತೂರಿನಲ್ಲಿ ಗುರುಮಲ್ಲನೊಬ್ಬನೇ ಸ್ಪೋರ್ಟ್ಸ್ ಕಾರಿನವನು. ಕಾರು ಹಳೆಯದಾದರೂ ಅವನ ಜಂಭಕ್ಕೇನೂ ಕಡಿಮೆಯಿರಲಿಲ್ಲ. ಆಯುಧಪೂಜೆಯ ಬೆಳಿಗ್ಗೆಯೇ ಅದು ಸ್ಟಾರ್ಟಾಗದೆ ಕೆಮ್ಮತೊಡಗಿತು. ಸ್ಪಾರ್ಕ್ ಪ್ಲಗ್ ಬದಲಿಸಿದರೆ ಸರಿಹೋಗುತ್ತದೆಂದು ಅಂಗಳದಲ್ಲೇ ಬಾನೆಟ್ ಎತ್ತಿದ. ಮುಟ್ಟಾಗಿದ್ದ ಹೆಂಡತಿ ಸುಧಾಮಣಿ ಏನಾಯಿತೆಂದು ನೋಡಲು ಹತ್ತಿರ ಬಂದಳು.

“ಪೂಜೆ ಗಾಡಿ ಕಣೇ ಇದು! ಮುಟ್ಗಿಟ್ಟೀಯ, ದೂರ ಓಗು!” ಎಂದು ಬೀದಿಗೆಲ್ಲ ಕೇಳುವಂತೆ ಗದರಿದ. ಅವಳು ಜಗಲಿಯ ಮೂಲೆಗೆ ಹೋಗಿ ಕೂತಳು.

ಮುಂದಿನ ಪ್ಲಗ್ಗುಗಳೇನೋ ಸಲೀಸಾಗಿ ಬಂದವು. ಕೊನೆಯದು ಇಂಜಿನ್ನಿನ ಹಿಂದಿನ ಸಂದಿಯಲ್ಲಿ ಅಡಗಿತ್ತು. ಅವನ ದಪ್ಪ ಕೈ ಅಲ್ಲಿ ತೂರಲೇ ಇಲ್ಲ. ಗೆಣ್ಣು ತರಚಿ ರಕ್ತ ಬಂತು. ಒಳಗೆ ಅವ್ವ ಆರತಿ ತಟ್ಟೆ ಅಣಿಮಾಡುತ್ತಿದ್ದಳು. ಗುರುಮಲ್ಲ ಅತ್ತಿತ್ತ ನೋಡಿ, ಮೆಲ್ಲಗೆ ಹೆಂಡತಿಯನ್ನು ಕರೆದ.

“ನಿನ್ ಕೈ ಸಣ್ಣದು. ವಸಿ ನೋಡು.”

“ಈಗ ಮುಟ್ಬೌದಾ?” ಎಂದಳು.

ಅವನು ತಲೆ ತಗ್ಗಿಸಿ ಸ್ಪ್ಯಾನರ್ ಕೊಟ್ಟ. ಅವಳು ಬಳೆ ಮೇಲೇರಿಸಿ ಕೈ ತೂರಿಸಿದಳು. ಅವನು ಹೇಳಿದಂತೆ ಹಳೆಯದನ್ನು ಬಿಚ್ಚಿ ಹೊಸದನ್ನು ಕೂರಿಸಿದಳು. ಕಾರು ಒಂದೇ ಸಲಕ್ಕೆ ಸ್ಟಾರ್ಟಾಯಿತು.

ಆ ಸದ್ದಿಗೆ ಅವ್ವ ತಟ್ಟೆ ಹಿಡಿದು ಹೊರಬಂದಳು. “ಎಲ್ಲಾನೂ ನೀನೇ ಮಾಡ್ದಾ ಮಗ?”

“ಊಂ ಕಣವ್ವ,” ಎಂದುಬಿಟ್ಟ.

ಮಂಗಳಾರತಿಗೆ ಕೈ ಚಾಚಿ ಜಗಲಿಯತ್ತ ನೋಡಿದ. ಅಷ್ಟರಲ್ಲಾಗಲೇ ಮೂಲೆ ಸೇರಿದ್ದ ಸುಧಾಮಣಿ, ಯಾರೂ ಹೇಳದಿದ್ದರೂ, ಮಸಿ ಮೆತ್ತಿದ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಳ್ಳುತ್ತಿದ್ದಳು. ಗುರುಮಲ್ಲನ ಕೈ ಕರ್ಪೂರದ ಮೇಲೆಯೇ ನಿಂತಿತು. ಅದನ್ನು ಕಣ್ಣಿಗೊತ್ತಿಕೊಳ್ಳುವ ಧೈರ್ಯ ಅವನಿಗೆ ಬರಲಿಲ್ಲ.